ದೇಶನೂರಿನ ಚೀಲ

ನನಗೆ ಶುಗರ್ ಬಂದಿದೆ ಎಂದು ಡಾಕ್ಟರು ಹೇಳಿದ ದಿನವೇ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವುದನ್ನು ಬಿಟ್ಟೆ. ಎಂಥ ತ್ಯಾಗ! ಕಂಟೋನ್ಮೆಂಟಿನ ನಮ್ಮ ಓಣಿಯಲ್ಲಿ ಸಿಕ್ಕವರಿಗೆಲ್ಲ, ಅವರು ಕೇಳದಿದ್ದರೂ, ಸುದ್ದಿ ಮುಟ್ಟಿಸಿದೆ. ಆಮೇಲೆ ಮನೆಗೆ ಬಂದು ತಾಟಿನ ತುಂಬ ಅನ್ನ ಉಂಡೆ. ನೀವೇ ಹೇಳಿ, ಅನ್ನ ಸಿಹಿಯೇ? ಸಕ್ಕರೆ ಮಾಡಿದ ತಪ್ಪಿಗೆ ಅಕ್ಕಿಯನ್ನೇಕೆ ದಂಡಿಸಬೇಕು?

ಡಾಕ್ಟರು ಈ ವಾದವನ್ನು ಒಪ್ಪಲಿಲ್ಲ. "ಅನ್ನ ಕಮ್ಮಿ ಮಾಡ್ರಿ. ಒಂದೆರಡು ಜೋಳದ ರೊಟ್ಟಿ, ಪಲ್ಯ ಜಾಸ್ತಿ" ಎಂದರು. ಪಕ್ಕದಲ್ಲಿ ಹೆಂಡತಿ ಕೂತಿದ್ದಳು. ಅವಳು ಕುರುಗೋಡಿನವಳು, ರೊಟ್ಟಿ ಉಂಡು ಬೆಳೆದವಳು. ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ದೇಶನೂರಿನವನಾದ ನಾನು ಮದುವೆಯಾದಾಗಿನಿಂದ ಅವಳ ತವರಿನ ರೊಟ್ಟಿಯನ್ನು ಹಾಸ್ಯ ಮಾಡುತ್ತ ಬಂದವನು. ಅವಳು ಮನೆಗೆ ಬಂದು ರೊಟ್ಟಿ ಬಡಿದಳು. ಆ ಸಪ್ಪಳ ಓಣಿಯ ತುದಿಗೂ ಕೇಳಿಸಿರಬೇಕು.

ಹೆಂಡತಿಯ ಮುಂದೆ ಸೋಲುವುದು ನನಗೆ ರೂಢಿ. ಹೆದರಿಕೆಯಿದ್ದದ್ದು ಅಕ್ಕನದು. ಊರಲ್ಲಿದ್ದು ಗದ್ದೆ ನೋಡಿಕೊಳ್ಳುವ ಅವಳು ಪ್ರತಿ ಸುಗ್ಗಿಗೂ ಸಿರುಗುಪ್ಪದ ಬಸ್ಸಿಗೆ ಸೋನಾ ಅಕ್ಕಿಯ ಚೀಲ ಹಾಕಿಸಿಕೊಂಡು ಬರುತ್ತಾಳೆ. ಅವ್ವ ಹೋದ ಮೇಲೆ ಊರು ಎಂದು ನನಗೆ ಉಳಿದದ್ದು ಆ ಚೀಲ. ಅದನ್ನು ಬೇಡ ಎನ್ನಲು ನಾಲಿಗೆ ಏಳುತ್ತಿರಲಿಲ್ಲ.

ಹೋದ ಸುಗ್ಗಿಗೆ ಅವಳು ಚೀಲ ತಂದಾಗ ಕೊನೆಗೂ ಡಾಕ್ಟರ ಮಾತು ಹೇಳಿದೆ. "ಅದು ಅಂಗಡಿ ಅಕ್ಕಿಗೆ ಹೇಳಿರಬೇಕು. ನಮ್ಮ ಅಕ್ಕಿಗೆ ಏನಾಗೇತೋ?" ಎಂದಳು ಅಕ್ಕ. ತಾನೇ ಅನ್ನ ಮಾಡಿ ನನಗೆ ಬಡಿಸಿ, ತಾನೂ ಉಂಡಳು. ಎರಡು ತಾಸಿನ ಮೇಲೆ ನಾನು ಬೆರಳು ಚುಚ್ಚಿಕೊಂಡು ಶುಗರ್ ಮೀಟರಿನಲ್ಲಿ ಏರಿದ ಅಂಕಿ ತೋರಿಸಿದೆ.

"ಮಿಷನ್ ಕೆಟ್ಟೈತಿ. ನಂದು ನೋಡು, ಇಲ್ಲೀತನಕ ಒಂದು ಗುಳಿಗಿ ನುಂಗಿದಾಕಿ ಅಲ್ಲ" ಎಂದು ಬೆರಳು ಚಾಚಿದಳು.

ಮೀಟರು ಅವಳಿಗೆ ನನಗಿಂತ ದೊಡ್ಡ ಅಂಕಿ ತೋರಿಸಿತು. ಯಾವುದರಲ್ಲೂ ತಮ್ಮನಿಗೆ ಸೋಲದವಳು ಇದರಲ್ಲೂ ಗೆದ್ದಿದ್ದಳು. ನನಗೆ ನಗು ಬರಲಿಲ್ಲ, ಭಯವಾಯಿತು. ಮರುದಿನ ಅವಳನ್ನೂ ಡಾಕ್ಟರ ಹತ್ತಿರ ಕರೆದೊಯ್ದೆ. ಮಿಷನ್ ಕೆಟ್ಟಿರಲಿಲ್ಲ.

ಈ ಸುಗ್ಗಿಗೂ ಚೀಲ ಬಂತು. ಬಿಚ್ಚಿದರೆ ಜೋಳ! ನಮ್ಮ ಗದ್ದೆಯಲ್ಲಿ ಜೋಳವೆಲ್ಲಿಯದು? ಅಕ್ಕ ಕುರುಗೋಡಿನ ತನಕ ಹೋಗಿ ಕೊಂಡು ಕಳಿಸಿದ್ದಳು. ಅಕ್ಕಿಯ ಬಗ್ಗೆ ಎಂದೂ ಕೇಳದವಳು ಫೋನು ಮಾಡಿ, "ಚಲೋ ಐತೇನೋ?" ಎಂದು ಅಳುಕುತ್ತ ಕೇಳಿದಳು.

ಹೆಂಡತಿ ಬೊಗಸೆಯಲ್ಲಿ ಜೋಳ ಹಿಡಿದು ಮೂಗು ಮುರಿದಳು. "ಹಳೇ ಜೋಳ ಇದು, ರೊಟ್ಟಿ ಹರೀತಾವ. ಅಕ್ಕಾರಿಗೆ ಯಾರೋ ಟೋಪಿ ಹಾಕ್ಯಾರ" ಎಂದು ಪಿಸುಗುಟ್ಟಿದಳು.

"ಭಾಳ ಚಲೋ ಐತಕ್ಕ" ಎಂದೆ ನಾನು ಫೋನಿಗೆ. "ನಮ್ಮ ಗದ್ದೀದ ಅನಸ್ತೈತಿ."