ಎದುರು ದಂಡೆಯ ಬಿಸಿಲು

ಲಂಡನ್ನಿನ ಈಲಿಂಗ್ ರೋಡಿನ ಒಂದು ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಾನು ಕೆಲಸ ಮಾಡುವ ವಕೀಲರ ಕಚೇರಿ ಇದೆ. ಮೈಸೂರಿನಲ್ಲಿ ಓದಿದ ನನ್ನ ಕಾನೂನು ಪದವಿಗೆ ಇಲ್ಲಿ ಕಿಮ್ಮತ್ತಿಲ್ಲ. ಮತ್ತೆ ಪರೀಕ್ಷೆ ಕಟ್ಟುವ ಹುಮ್ಮಸ್ಸು ಬಂದ ಹೊಸದರಲ್ಲಿ ಇತ್ತು. ಮಗಳು ಹುಟ್ಟಿದ ಮೇಲೆ, ಗಂಡನ ವೀಸಾ ಗಲಾಟೆಗಳ ನಡುವೆ, ಅದು ಯಾವಾಗ ಆರಿಹೋಯಿತೋ ಗೊತ್ತಾಗಲಿಲ್ಲ. ಹಾಗಾಗಿ ನಾನಲ್ಲಿ ಸಹಾಯಕಿ. ಈ ದೇಶದಲ್ಲಿ ಆಶ್ರಯ ಕೇಳಿಕೊಂಡು ಬಂದವರ ಕಾಗದಪತ್ರ ಜೋಡಿಸುತ್ತೇನೆ, ಪುಟಸಂಖ್ಯೆ ಹಾಕುತ್ತೇನೆ, ಅಳುವವರಿಗೆ ಟೀ ಮಾಡಿಕೊಡುತ್ತೇನೆ. ವರ್ಷಗಟ್ಟಲೆ ಇದನ್ನೇ ಮಾಡಿದರೆ ಮನುಷ್ಯರ ಕಷ್ಟವೂ ಬೇಸರ ತರಿಸುತ್ತದೆ. ಇದನ್ನು ಹೇಳಬಾರದು ಅಂತಾರೆ, ಆದರೆ ನಿಜ.

ಆತ ಬಂದದ್ದು ಅಂಥ ಒಂದು ಬೇಸರದ ಚಳಿಗಾಲದಲ್ಲಿ. ನಲವತ್ತರ ಆಸುಪಾಸಿನ ಮನುಷ್ಯ, ಬೂದುಗಣ್ಣು, ಗಾಳಿಗೆ ಸುಟ್ಟ ಕೆನ್ನೆ. ಊರು ವಖಾನ್ ಕಣಿವೆ. ತಾನು ಅಫ್ಘಾನಿಸ್ತಾನದವನು, ವಿದೇಶಿ ವೈದ್ಯರ ತಂಡವೊಂದರ ಸಾಮಾನು ಹೊರುವ ಕುದುರೆಗಳನ್ನು ನೋಡಿಕೊಳ್ಳುತ್ತಿದ್ದೆ, ಕಾಬೂಲಿನಲ್ಲಿ ಆಳುವವರು ಬದಲಾದ ಮೇಲೆ ಅದೇ ಅಪರಾಧವಾಯಿತು ಎಂದು ಆತ ಹೇಳಿದ್ದ. ಆದರೆ ಅರ್ಜಿ ತಿರಸ್ಕಾರವಾಗಿತ್ತು. ನೀನು ಅಫ್ಘಾನಿಸ್ತಾನದವನೇ ಅಲ್ಲ, ನದಿಯಾಚೆಯ ತಜಿಕಿಸ್ತಾನದವನು, ಅಲ್ಲಿ ನಿನಗೆ ಯಾವ ಅಪಾಯವೂ ಇಲ್ಲ, ವಾಪಸ್ ಹೋಗು ಅಂತ. ಮೇಲ್ಮನವಿಯಲ್ಲೂ ಸೋತರೆ ಅವನನ್ನು ಅವನದಲ್ಲದ ದೇಶಕ್ಕೆ ಕಳಿಸುತ್ತಾರೆ, ಆ ದೇಶದವರು ಇವನ್ಯಾರು ಎಂದು ನದಿ ದಾಟಿಸುತ್ತಾರೆ. ಆಮೇಲೆ ಏನಾಗುತ್ತದೆ ಎನ್ನುವುದು ಅವನ ಮುಖ ನೋಡಿದರೇ ತಿಳಿಯುತ್ತಿತ್ತು.

ಅವನ ಮಾತು ವಾಖಿ. ಆ ಭಾಷೆ ಬಲ್ಲ ದುಭಾಷಿಗಾಗಿ ಫೋನ್ ಮಾಡಿ ಮಾಡಿ ನನಗೆ ಸಾಕಾಗಿತ್ತು. ಕೊನೆಗೆ ಸಿಕ್ಕಿದವಳು ಕ್ಯಾನರಿ ವಾರ್ಫಿನ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು. ಅವಳೂ ಅದೇ ಕಣಿವೆಯವಳೇ, ಆದರೆ ನಿಜವಾಗಿಯೂ ನದಿಯ ಆಚೆ ದಂಡೆಯವಳು, ತಜಿಕಿಸ್ತಾನದವಳು. ರಜೆ ಹಾಕಿ ಜುಬಿಲಿ ಲೈನ್ ರೈಲು ಹಿಡಿದು ಬರುತ್ತಿದ್ದಳು. ಮೊದಲ ದಿನ ಇಬ್ಬರೂ ಒಬ್ಬರ ಕೈಯನ್ನು ಇನ್ನೊಬ್ಬರು ಎತ್ತಿ ಮುತ್ತಿಟ್ಟು ನಮಸ್ಕರಿಸಿದರು. ಅವರ ಕಡೆ ಹಾಗೇ ಅಂತೆ. ನಮ್ಮ ವಕೀಲರು, ನೈರೋಬಿಯಲ್ಲಿ ಹುಟ್ಟಿದ ಗುಜರಾತಿ, ದುಭಾಷಿ ಮತ್ತು ಕಕ್ಷಿದಾರರು ಇಷ್ಟು ಹತ್ತಿರವಾಗಬಾರದು ಎಂದು ಮುಖ ಸಿಂಡರಿಸಿದರು.

ನಾನು ಮಾತ್ರ ಅವತ್ತು ದೊಡ್ಡ ಜಾಣತನ ತೋರಿಸಿದೆ. ನಮ್ಮ ದೇಶ, ನಿಮ್ಮ ದೇಶ ಅಕ್ಕಪಕ್ಕ, ನಿಮ್ಮ ಕಣಿವೆಯ ಬೆಟ್ಟ ಇಳಿದರೆ ನಮ್ಮ ಗಡಿಯೇ ಅಲ್ಲವಾ ಅಂದೆ. ಶಾಲೆಯಲ್ಲಿ ಭಾರತದ ನಕ್ಷೆ ಬರೆದೂ ಬರೆದೂ ಕೈ ನೋವು ಬರಿಸಿಕೊಂಡವಳು ನಾನು. ಆ ನಕ್ಷೆಯ ನೆತ್ತಿಯ ಮೇಲೆ, ಒಂದು ಬೆರಳಗಲ, ಅಫ್ಘಾನಿಸ್ತಾನ ತಾಗುತ್ತಿತ್ತು. ಪರೀಕ್ಷೆಯಲ್ಲಿ ಅದನ್ನು ಬಿಟ್ಟರೆ ಅಂಕ ಹೋಗುತ್ತಿತ್ತು. ಆತ ಮರ್ಯಾದೆಯಿಂದಲೇ ಹೇಳಿದ: ಕುರಿ ಹೊಡೆದುಕೊಂಡು ಆ ಕಣಿವೆದಾರಿ ದಾಟಿದ್ದೇನೆ, ಅಲ್ಲಿ ಪಾಕಿಸ್ತಾನದ ಸಿಪಾಯಿಗಳು ಚಹಾ ಕೊಟ್ಟಿದ್ದಾರೆ, ಭಾರತದವರು ಯಾರೂ ಸಿಕ್ಕಿರಲಿಲ್ಲ. ನಾನು ಝೆರಾಕ್ಸ್ ಮಾಡುವ ನೆಪದಲ್ಲಿ ಎದ್ದುಹೋದೆ.

ಆಮೇಲೆ ಕೆಲಸಕ್ಕಾಗಿಯೇ ಆ ಕಣಿವೆಯ ಬಗ್ಗೆ ಓದಬೇಕಾಯಿತು. ರೈಲಿನಲ್ಲಿ, ಮಗಳನ್ನು ಈಜು ಕ್ಲಾಸಿಗೆ ಬಿಟ್ಟು ಕಾಯುವಾಗ, ಓದಿದೆ. ಉತ್ತರಕ್ಕೆ ಪಾಮಿರ್ ಬೆಟ್ಟಗಳು, ದಕ್ಷಿಣಕ್ಕೆ ಹಿಂದೂಕುಶ್, ನಡುವೆ ಪಂಜ್ ನದಿ. ಒಂದು ಕಾಲಕ್ಕೆ ಎರಡೂ ದಂಡೆಗೆ ಒಬ್ಬನೇ ಒಡೆಯ, ಒಂದೇ ಮಾತು, ಒಂದೇ ಸಂಬಂಧ. ಹತ್ತೊಂಬತ್ತನೇ ಶತಮಾನದಲ್ಲಿ ರಷ್ಯಾದ ಚಕ್ರವರ್ತಿ ಮೇಲಿನಿಂದ ಇಳಿಯುತ್ತಿದ್ದ, ಬ್ರಿಟಿಷರು ಕೆಳಗಿನಿಂದ ಹತ್ತುತ್ತಿದ್ದರು. ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಅಂಜಿಕೆ. ತಮ್ಮ ಗಡಿಗಳು ನೇರ ತಾಗುವುದು ಬೇಡವೆಂದು ನದಿಯನ್ನೇ ಗೆರೆ ಮಾಡಿ, ದಕ್ಷಿಣದ ಕಿರುಪಟ್ಟಿಯನ್ನು ಅಫ್ಘಾನ್ ಅಮೀರನ ಕೈಗೆ ಹಾಕಿದರು. ಅವನಿಗೂ ಅದು ಬೇಕಿರಲಿಲ್ಲವಂತೆ. ಗೆರೆ ಎಳೆದದ್ದು ಹಿಂದೂಸ್ತಾನವನ್ನು ಕಾಪಾಡಲು, ಅಂದರೆ ನಮ್ಮನ್ನು. ನಮ್ಮ ಮುತ್ತಜ್ಜಂದಿರನ್ನು ಯಾರೂ ಕೇಳಿರಲಿಲ್ಲ. ಆ ಮಾತುಕತೆಯಲ್ಲಿ ಅರ್ಧ ಇದೇ ಲಂಡನ್ನಿನಲ್ಲಿ ನಡೆದದ್ದು. ಈಗ ಅದೇ ಊರು ನೀನು ಆ ಗೆರೆಯ ಯಾವ ಕಡೆಯವನು ಹೇಳು ಎಂದು ಒಬ್ಬ ಕುದುರೆಯವನನ್ನು ಕೇಳುತ್ತಿತ್ತು. ನನಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ, ಸುಸ್ತಾಯಿತು.

ತಿರಸ್ಕಾರಕ್ಕೆ ಕಾರಣ ಅವನ ಬಾಯಿಂದಲೇ ಬಂದದ್ದು. ಮೊದಲ ಸಂದರ್ಶನದಲ್ಲಿ ಅಧಿಕಾರಿ, ನಿಮ್ಮ ಹಳ್ಳಿಯಲ್ಲಿ ಗುರುತು ಹಿಡಿಯುವಂಥದ್ದು ಏನೇನಿದೆ ಎಂದು ಕೇಳಿದ್ದರು. ಆತ ಒಂದೊಂದಾಗಿ ಹೇಳಿದ್ದ: ಲಾರಿ ಓಡುವ ರಸ್ತೆ, ಕರೆಂಟು ಕಂಬಗಳು, ನೀಲಿ ಚಾವಣಿಯ ಶಾಲೆ, ಗುಡ್ಡದ ಮೇಲೆ ಪಾಳುಬಿದ್ದ ಕೋಟೆ. ಅಧಿಕಾರಿ ಉಪಗ್ರಹದ ಚಿತ್ರ ನೋಡಿದರು. ಎಲ್ಲವೂ ಇದ್ದವು, ಎಲ್ಲವೂ ಉತ್ತರದ, ಅಂದರೆ ತಜಿಕಿಸ್ತಾನದ, ದಂಡೆಯಲ್ಲಿದ್ದವು. ಅಲ್ಲಿಗೆ ಮುಗಿಯಿತು.

ನಮ್ಮ ವಕೀಲರು ಅವನ ಮುಂದೆ ಬಿಳಿ ಹಾಳೆ ಇಟ್ಟು ಊರಿನ ನಕ್ಷೆ ಬರೆಯಲು ಹೇಳಿದರು. ಆತ ನಡುವೆ ನದಿ ಎಳೆದ. ಆಚೆ ದಂಡೆಯಲ್ಲಿ ರಸ್ತೆ, ಕಂಬ, ಶಾಲೆ, ಕೋಟೆ, ಯಾವ ಮನೆಯ ಮುಂದೆ ಜೀಪು ನಿಲ್ಲುತ್ತದೆ ಎನ್ನುವುದನ್ನೂ ಬರೆದ. ಈಚೆ ದಂಡೆಯಲ್ಲಿ ಒಂದು ಚೌಕ, ಅಷ್ಟೇ. ಇದೇನು ಅಂತ ಕೇಳಿದರೆ, ನಮ್ಮನೆ ಅಂದ. ಮಿಕ್ಕ ಜಾಗ ಯಾಕೆ ಖಾಲಿ ಅಂದರೆ ಅವನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ದುಭಾಷಿ ಅವನ ಉತ್ತರವನ್ನು ಹೇಳಿದಳು.

"ಹುಟ್ಟಿದಾಗಿಂದ ಬಾಗಿಲಲ್ಲಿ ಕೂತು ನೋಡಿದ್ದು ಅದನ್ನೇ. ಗುರುತು ಹೇಳೋಕೆ ನಮ್ಮ ಕಡೆ ಏನಿದೆ?"

ವಕೀಲರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ತಪ್ಪು ಎಲ್ಲಾಗಿದೆ ಎಂದು ನಮ್ಮ ಮೂವರಿಗೂ ತಿಳಿಯಿತು. ಆದರೆ ತಿಳಿದರೆ ಸಾಲದು, ನ್ಯಾಯಾಧೀಶರು ನಂಬಬೇಕು. ಗೋಧಿ, ಯಾಕ್, ನಮಾಜು, ಮದುವೆ, ಏನು ಕೇಳಿದರೂ ಉತ್ತರ ಎರಡೂ ದಂಡೆಗೆ ಹೊಂದುತ್ತಿತ್ತು. ಒಂದೇ ಕಣಿವೆಯನ್ನು ಸೀಳಿದ್ದಾರೆ, ಎರಡು ಹೋಳಿನಲ್ಲೂ ಅದೇ ತಿರುಳು. ಹೀಗೇ ಎರಡು ಭೇಟಿಗಳು ಸುಮ್ಮನೆ ಹೋದವು.

ಮೂರನೆಯ ಸಲ ಬಂದಾಗ ನಾನು ಬಹಳ ಸಿಡುಕಿನಲ್ಲಿದ್ದೆ. ಸ್ಟೇಡಿಯಂ ಬಳಿಯ ಹೊಸ ಫ್ಲಾಟುಗಳ ನೆರಳು ನಮ್ಮ ಅಡುಗೆಮನೆ ಮೇಲೆ ಬಿದ್ದು, ನವೆಂಬರಿನಿಂದ ಬಟ್ಟೆ ಒಣಗುತ್ತಿರಲಿಲ್ಲ. ಮಗಳ ಯೂನಿಫಾರಂ ಮುಗ್ಗಲು ವಾಸನೆ ಹೊಡೆಯುತ್ತದೆಂದು ಬೆಳಗ್ಗೆ ಅವಳು ಇಂಗ್ಲಿಷಿನಲ್ಲಿ, ನಾನು ಕನ್ನಡದಲ್ಲಿ, ಸಾಕಷ್ಟು ಜಗಳವಾಡಿದ್ದೆವು. ವಕೀಲರು ಫೋನಿನಲ್ಲಿದ್ದರು. ಸುಮ್ಮನೆ ಕೂತಿರಲಾರದೆ, ನಿಮ್ಮೂರಲ್ಲಿ ಚಳಿಗಾಲದಲ್ಲಿ ಬಟ್ಟೆ ಹೇಗೆ ಒಣಗಿಸುತ್ತೀರಿ ಎಂದು ಆತನನ್ನು ಕೇಳಿದೆ.

ಮೊದಲ ಬಾರಿಗೆ ಆತ ಮನಬಿಚ್ಚಿ ಮಾತಾಡಿದ. ಒಣಗುವುದೇ ಇಲ್ಲ, ಹಲಗೆಯ ಹಾಗೆ ಸೆಟೆದು ನಿಲ್ಲುತ್ತವೆ ಅಂದ. ತಮ್ಮ ಬೆನ್ನಿಗೇ ಹಿಂದೂಕುಶ್ ಇದೆ, ಚಳಿಗಾಲದ ಸೂರ್ಯ ಅದನ್ನು ಹತ್ತಲಾರ, ಹಳ್ಳಿ ಇಡೀ ನೆರಳಲ್ಲಿ ಕೂತಿರುತ್ತದೆ ಅಂದ. ಆಚೆ ದಂಡೆ ಮಾತ್ರ ದಕ್ಷಿಣಕ್ಕೆ ಮುಖ ಮಾಡಿದೆ, ಅಲ್ಲಿ ಬಿಸಿಲೋ ಬಿಸಿಲು. ಅಲ್ಲಿನ ಹೆಂಗಸರು ಚಾವಣಿಯ ಮೇಲೆ ಹಾಸಿಗೆ ಹರಡುವುದು ಈಚೆಯಿಂದ ಕಾಣುತ್ತದೆ. ಅವನ ಅಮ್ಮ ಬಾಗಿಲಲ್ಲಿ ನಿಂತು ದಿನಾ ಹೇಳುತ್ತಿದ್ದಳಂತೆ, ನೋಡು, ಅವರ ಮನೆಗೆ ಬಿಸಿಲು ಬಂತು.

ಇದನ್ನು ಅನುವಾದಿಸುತ್ತಿದ್ದ ದುಭಾಷಿ ನಡುವೆ ನಿಂತುಬಿಟ್ಟಳು. ಅಷ್ಟರಲ್ಲಿ ಫೋನ್ ಇಟ್ಟಿದ್ದ ವಕೀಲರು ಮುಂದೆ ಹೇಳಿ ಅಂದರು. ಇವರ ಮಾತಲ್ಲ, ನನ್ನದೇ ಒಂದು ಮಾತು ಹೇಳಬಹುದೇ ಎಂದು ಅವಳು ಕೇಳಿದಳು. ವಕೀಲರು ಕೈ ಅಡ್ಡ ಹಿಡಿದರು. ದುಭಾಷಿಗೆ ಸ್ವಂತ ಮಾತಿಲ್ಲ. ಸ್ವಂತಕ್ಕೆ ಹೇಳಿದರೆ ಸಾಕ್ಷಿಯಾಗುತ್ತೀರಿ, ಆಗ ನಮಗೆ ದುಭಾಷಿ ಇಲ್ಲ, ವಿಚಾರಣೆ ಮುಂದಕ್ಕೆ ಹೋಗುತ್ತದೆ, ಈ ಮನುಷ್ಯ ಇನ್ನೆಷ್ಟು ಕಾಲ ಹೀಗೇ ಕೊಳೆಯಬೇಕು? ಅವಳು ತಲೆಯಾಡಿಸಿ, ಬಿಟ್ಟಲ್ಲಿಂದ ಅವನ ಮಾತನ್ನು ಮುಂದುವರಿಸಿದಳು.

ಅವಳು ನುಂಗಿಕೊಂಡದ್ದು ಏನೆಂದು ನನಗೆ ಕೆಳಗೆ ರಸ್ತೆಯ ಚಹಾ ಅಂಗಡಿಯಲ್ಲಿ ಗೊತ್ತಾಯಿತು. ಅವಳ ಅಜ್ಜಿಯ ತಂಗಿಯನ್ನು ಆಚೆ ದಂಡೆಗೆ, ಅಂದರೆ ಇವನ ಕಡೆಗೆ, ಕೊಟ್ಟಿದ್ದರಂತೆ. ಆಮೇಲೆ ಸೋವಿಯತ್ತಿನವರು ಗಡಿ ಮುಚ್ಚಿದರು. ಅಕ್ಕತಂಗಿಯರು ಇಡೀ ಆಯಸ್ಸನ್ನು ನದಿಯ ಎರಡು ಕಡೆ ಕಳೆದರು. ಸೋವಿಯತ್ ಒಕ್ಕೂಟ ಒಡೆದು ಎಷ್ಟೋ ಕಾಲವಾದ ಮೇಲೆ ಶನಿವಾರದ ಸಂತೆ ಶುರುವಾಗಿ, ಎರಡೂ ಕಡೆಯವರು ವೀಸಾ ಇಲ್ಲದೆ ಅಲ್ಲಿ ಕೂಡುವಂತಾಯಿತು. ಅಷ್ಟರಲ್ಲಿ ಇಬ್ಬರೂ ಇರಲಿಲ್ಲ. ಕೆಲವು ವರ್ಷಗಳ ಮೇಲೆ ಆ ಸಂತೆಯೂ ನಿಂತಿತು.

"ಅಜ್ಜಿ ಬಿಸಿಲಲ್ಲಿ ಕೂತು ಎದುರಿನ ನೆರಳು ನೋಡ್ತಾ ಇದ್ಲು," ಅಂದಳು. "ಅವಳು ಅಲ್ಲಿ ಚಳಿಗೆ ಸಾಯ್ತಿದಾಳೆ, ನಾನಿಲ್ಲಿ ಕಾಯಿಸ್ಕೋತಿದೀನಿ ಅಂತ ಅಳೋಳು. ನಾವು ಮಕ್ಕಳು ನಗ್ತಿದ್ವಿ."

ಅವಳ ಕಣ್ಣಲ್ಲಿ ನೀರಿತ್ತು. ನಮ್ಮಿಬ್ಬರ ಮುಂದಿನ ಸಮೋಸ ಹಾಗೇ ಆರಿಹೋಯಿತು.

ವಿಚಾರಣೆಯ ದಿನ ನಾನು ಕಡತಗಳ ಟ್ರಾಲಿ ಎಳೆದುಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಎರಡು ದಂಡೆಗೂ ನಮಗೆ ಸಿಕ್ಕ ಒಂದೇ ವ್ಯತ್ಯಾಸ ಆ ನೆರಳು, ಅದರ ಬಗ್ಗೆ ಭೂಗೋಳದ ಪ್ರಾಧ್ಯಾಪಕರೊಬ್ಬರಿಂದ ಅಭಿಪ್ರಾಯ ಬರೆಸಿದ್ದೆವು. ಎದುರು ಪಕ್ಷದ ವಕೀಲೆ ಚುರುಕು ಹೆಂಗಸು. ದಕ್ಷಿಣದ ದಂಡೆ ನೆರಳಲ್ಲಿರುವುದು ಉತ್ತರದ ದಂಡೆಯವರಿಗೂ ಕಾಣುತ್ತದಲ್ಲ, ಇದರಿಂದ ಏನು ಸಿದ್ಧವಾಯಿತು ಎಂದು ಕೇಳಿದಳು. ಇಷ್ಟು ಸುಲಭದ ಪ್ರಶ್ನೆ ನಮಗ್ಯಾರಿಗೂ ಹೊಳೆದಿರಲಿಲ್ಲ. ದುಭಾಷಿಗೆ ಉತ್ತರ ಗೊತ್ತಿತ್ತೋ ಏನೋ, ಅವಳು ಪ್ರಶ್ನೆಯನ್ನಷ್ಟೇ ದಾಟಿಸಿ ಕೈಕಟ್ಟಿ ಕೂತಳು.

ಆತ ಬಿಸಿಲು ತಿರುಗಿ ಬರುವ ದಿನದ ಬಗ್ಗೆ ಹೇಳಿದ. ಚಳಿಗಾಲದ ಕೊನೆಗೆ ಅದು ಬೆನ್ನಿನ ಬೆಟ್ಟದ ಒಂದು ಸೀಳಿನಿಂದ, ಊಟದ ಹೊತ್ತಿಗೆ, ಮೊದಲು ಬೀಳುವುದು ಪಕ್ಕದ ಮನೆಯ ಚಾವಣಿ ಮೇಲೆ. ಅಮ್ಮ ನಮ್ಮ ರಜಾಯಿಗಳನ್ನೆಲ್ಲ ಹೊತ್ತುಕೊಂಡು ಅಲ್ಲಿಗೆ ಓಡುತ್ತಾಳೆ. ಆ ಮನೆಯವರು ಜಾಗ ಕೊಡುವುದಿಲ್ಲ, ಪ್ರತಿ ವರ್ಷವೂ ಜಗಳ. ರಜಾಯಿ ಬಿಚ್ಚುವುದರೊಳಗೆ ಬಿಸಿಲು ಹೋಗಿರುತ್ತದೆ, ಇಬ್ಬರೂ ಅಲ್ಲೇ ಕೂತು ನಗುತ್ತಾರೆ. ಎದುರು ದಂಡೆಯವರಿಗೆ ನಮ್ಮ ನೆರಳು ಕಾಣುತ್ತದೆ, ಈ ಜಗಳ ಕೇಳುವುದಿಲ್ಲ ಅಂದ. ನ್ಯಾಯಾಧೀಶರು ಪೆನ್ನು ಕೆಳಗಿಟ್ಟು ನಕ್ಷೆಯಲ್ಲಿ ಆ ಸೀಳು ಎಲ್ಲಿದೆ ತೋರಿಸಿ ಅಂದರು. ಆತ ತೋರಿಸಿದ.

ತೀರ್ಪು ಬರುವವರೆಗೆ ನಾವು ಅವನನ್ನು ಮರೆತಿದ್ದೆವು ಎಂದರೂ ತಪ್ಪಿಲ್ಲ. ಬೇರೆ ಕಡತಗಳು, ಬೇರೆ ದೇಶಗಳು, ಅದೇ ಟೀ. ಏಪ್ರಿಲ್ಲಿನ ಒಂದು ಮಧ್ಯಾಹ್ನ ಗೆದ್ದಿದ್ದೇವೆಂದು ತಿಳಿಯಿತು. ಆತ ದಕ್ಷಿಣದ ದಂಡೆಯವನೇ, ಇಲ್ಲೇ ಉಳಿಯಬಹುದು. ಇಬ್ಬರನ್ನೂ ಕರೆಸಿದೆವು. ವಕೀಲರು ಎಂದೂ ಇಲ್ಲದೆ ಜಿಲೇಬಿ ತರಿಸಿದ್ದರು. ಆತ ನಮ್ಮೆಲ್ಲರ ಕೈಗೂ ಮುತ್ತಿಟ್ಟ, ವಕೀಲರದ್ದಕ್ಕೂ. ಆಮೇಲೆ ಏನೋ ಕೇಳಿದ.

"ಇನ್ನು ಆಚೆ ದಂಡೆಗೆ ಹೋಗೋಕೆ ಬಿಡ್ತಾರಾ ಅಂತ ಕೇಳ್ತಿದಾರೆ," ಎಂದಳು ದುಭಾಷಿ. "ಉತ್ತರದ್ದಕ್ಕೆ."

ವಕೀಲರಿಗೆ ಅರ್ಥವಾಗಲಿಲ್ಲ. ಅಲ್ಲಿಯವನಲ್ಲ ಎಂದು ತೋರಿಸಲು ತಾನೇ ಇಷ್ಟು ಒದ್ದಾಡಿದ್ದು? ಆದರೂ ವಿವರಿಸಿದರು. ಸ್ವಂತ ದೇಶಕ್ಕೆ ಕಾಲಿಟ್ಟರೆ ಈ ಆಶ್ರಯವೇ ಹೋಗಬಹುದು. ತಜಿಕಿಸ್ತಾನಕ್ಕೆ ಹೋಗಬಹುದು, ಆದರೆ ಪ್ರಯಾಣದ ದಾಖಲೆ ಬೇಕು, ವೀಸಾ ಸಿಗಬೇಕು, ಕಾಯಬೇಕು. ಕಾಯುವುದು ಎಂಬ ಮಾತಿಗೆ ಆತ ತಲೆಯಾಡಿಸಿದ, ಅದೇನು ದೊಡ್ಡದು ಎನ್ನುವ ಹಾಗೆ. ದುಭಾಷಿ ಈಗ ಯಾರ ಅಪ್ಪಣೆಯನ್ನೂ ಕೇಳದೆ ತನ್ನ ಮಾತು ಸೇರಿಸಿದಳು: ಅಲ್ಲಿ ತನ್ನ ತವರುಮನೆ ಇದೆ, ಎಷ್ಟು ದಿನವಾದರೂ ಇರಲಿ.

ಅಲ್ಲಿಗೆ ಹೋಗಿ ಏನು ಮಾಡುತ್ತೀರಿ, ಅಮ್ಮ ಇರುವುದು ಈಚೆ ದಂಡೆಯಲ್ಲಿ ಅಲ್ಲವಾ ಎಂದು ನಾನು ಕೇಳಿದೆ. ಆತ ಹೇಳಿದ್ದನ್ನು ಅವಳು ನಿಧಾನವಾಗಿ, ಒಂದೊಂದೇ ಮಾತಾಗಿ ನನಗೆ ಹೇಳಿದಳು.

"ಅಮ್ಮಂಗೆ ಕಣ್ಣು ಮಂಜಾಗಿದೆ. ಆದ್ರೆ ದಿನಾ ಬಾಗಿಲಲ್ಲಿ ನಿಂತು ಆಚೆ ನೋಡ್ತಾಳೆ. ಚಳಿಗಾಲದಲ್ಲೇ ಹೋಗ್ತೀನಿ. ಬಿಸಿಲಲ್ಲಿ ನಿಂತ್ರೆ ಅವಳಿಗೆ ಕಾಣ್ತೀನಿ."