ದೃಷ್ಟಿ ಬೊಂಬೆಯ ಮುಖ

ನಿನ್ನೆ ಸಿರುಗುಪ್ಪದಲ್ಲಿ, ದೃಷ್ಟಿ ತಗಲದಿರಲೆಂದು ಹೊಸ ಮನೆಗೆ ಕಟ್ಟಿದ್ದ ರಾಕ್ಷಸನ ಮುಖ ನೋಡಿ ನಿಂತುಬಿಟ್ಟೆ. ಉಬ್ಬು ಹಲ್ಲು, ಮೆಳ್ಳಗಣ್ಣು. ಅದು ನಮ್ಮ ಚಿಗವ್ವ.

ನಾನು ಚಿಕ್ಕವಳಿದ್ದಾಗ ಅಜ್ಜ ನಮ್ಮೂರ ಬ್ರೂಸ್‌ಪೇಟೆಯಲ್ಲಿ ಬೋರ್ಡು ಬರೆಯುತ್ತಿದ್ದ. ದೃಷ್ಟಿ ಬೊಂಬೆ ಬರೆಯಲು ಕಿರಿ ಸೊಸೆ ಚಿಗವ್ವನನ್ನೇ ಎದುರಿಗೆ ಕೂರಿಸಿಕೊಂಡ. ಮನೆತುಂಬ ಟರ್ಪೆಂಟೈನ್ ವಾಸನೆ.

"ಹಲ್ಲು ಬಿಡವಾ. ನೋಡಿದವ್ರ ಕಣ್ಣು ಮೊದ್ಲು ನಿನ್ ಮ್ಯಾಲ ಬೀಳ್ಬೇಕು, ಮನಿ ಮ್ಯಾಲ ಅಲ್ಲ."

"ಇಕಿ ಮಾರಿ ಇದಕ್ಕಾರ ಉಪಯೋಗಕ್ಕ ಬಂತಲ್ಲ," ಎಂದು ಅಜ್ಜಿ ನಕ್ಕಳು. ತುಟಿ ಒಣಗಿದರೂ ಚಿಗವ್ವ ಬಾಯಿ ಮುಚ್ಚುವಂತಿರಲಿಲ್ಲ.

ಆ ಮುಖವನ್ನು ಊರೂರಿನ ಪೇಂಟರುಗಳೆಲ್ಲ ನಕಲು ಮಾಡಿದರು.

"ಹೆಂಗೈತ್ರಿ? ಎದಿ ಝಲ್ ಅಂತೈತಲ್ರಿ?" ಹೊಸ ಮನೆಯ ಯಜಮಾನ ಹೆಮ್ಮೆಯಿಂದ ಕೇಳಿದ.

ಹೌದೆಂದು, ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೆ. ಚಿಗವ್ವ ಸತ್ತಾಗ ಹಾರ ಹಾಕಲು ನಮ್ಮ ಮನೆಯಲ್ಲಿ ಅವಳದೊಂದು ಫೋಟೊ ಕೂಡ ಇರಲಿಲ್ಲ.