ಹುಳುವಿನ ಮನೆಯಲ್ಲಿ ಕಛೇರಿ

ಭಾನುವಾರ ಸಂಜೆ ಐದು ಗಂಟೆ ನಲವತ್ತು ನಿಮಿಷಕ್ಕೆ ಮೇಷ್ಟ್ರು ಕೊನೆಯ ಕಿಟಕಿಯನ್ನೂ ಮುಚ್ಚಿಸಿದರು. ವೇದಿಕೆಯ ಮೇಲೆ ಅಕ್ಕನ ಹಿಂದೆ ತಂಬೂರಿ ಹಿಡಿದು ಕೂತಿದ್ದ ನಾನು ಆಗಷ್ಟೇ ಫೋನಿನಲ್ಲಿ ಹೊತ್ತು ನೋಡಿದ್ದೆ. ಆ ಅಂಕಿಗಳು ಇನ್ನೂ ಕಣ್ಣಿಂದ ಹೋಗಿಲ್ಲ.

ನಮ್ಮ ತಿಂಗಳ ಸಂಗೀತ ಕಛೇರಿ ಶುರುವಾದದ್ದು ಶಿಡ್ಲಘಟ್ಟದ ನಮ್ಮ ನಡುಮನೆಯಲ್ಲಿ. ಹನ್ನೆರಡು ಜನ ಬಂದರೆ ಒಬ್ಬಿಬ್ಬರು ಅಡುಗೆಮನೆಯಲ್ಲಿ ಕೂರಬೇಕಿತ್ತು. ಆಮೇಲೆ ಶಾಲೆಯ ಕೊಠಡಿ, ಅದಾದ ಮೇಲೆ ಕಲ್ಯಾಣ ಮಂಟಪದ ಊಟದ ಹಾಲು. ಚಿಂತಾಮಣಿಯಿಂದ ಬಸ್ಸಿನಲ್ಲಿ, ಗೌರಿಬಿದನೂರಿನಿಂದ ಕಾರು ಮಾಡಿಕೊಂಡು ಜನ ಬರತೊಡಗಿದರು. ಬೆಳೆದದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಈ ನಿವೃತ್ತ ಗಣಿತದ ಮೇಷ್ಟ್ರು ನಮ್ಮ ಸಭೆಯ ಕಾರ್ಯದರ್ಶಿಯಾದ ಮೇಲೆ ಬೆಳೆಯುವುದೇ ಕೆಲಸವಾಯಿತು. ಕೇಳುವುದು ಹಿಂದೆ ಬಿತ್ತು.

ಅಕ್ಕನ ಮೊದಲ ಪೂರ್ಣ ಕಛೇರಿಗೆ ಅವರು ಗೊತ್ತುಮಾಡಿದ್ದು ಮೇಲೂರಿನ ಹೊರಗೆ ಒಬ್ಬ ರೈತರ ಹುಳುವಿನ ಮನೆ. ರೇಷ್ಮೆಯ ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವವರೆಗೆ ಅದು ಖಾಲಿ. ಹುಳು ಸಾಕುವ ಅಟ್ಟಣೆಗಳನ್ನು ಬಿಚ್ಚಿದರೆ ಉದ್ದನೆಯ ತಣ್ಣನೆ ಹಾಲು. ಬೆಳೆ ಮುಗಿದಾಗ ಗೋಡೆ, ನೆಲಕ್ಕೆಲ್ಲ ರೋಗಾಣು ಸಾಯುವ ಔಷಧಿ ಹೊಡೆದು, ಆಮೇಲೆ ದಿನಗಟ್ಟಲೆ ಗಾಳಿಗೆ ತೆರೆದಿಡುತ್ತಾರೆ. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತು. ಮೇಷ್ಟ್ರಿಗೂ ಗೊತ್ತು. ಆದರೆ ಟ್ರ್ಯಾಕ್ಟರಿನ ಸದ್ದು ರೆಕಾರ್ಡಿಂಗಿಗೆ ಬೀಳಬಾರದಲ್ಲ.

ಎರಡನೆಯ ಕೃತಿಗೆ ಮೊದಲೇ ನನ್ನ ಕಣ್ಣು ಉರಿಯಿತು. ವಾಸನೆಯ ಗುರುತು ಸಿಕ್ಕಿತು. ಬಿ.ಎಸ್ಸಿ. ಓದುವಾಗ ಕಪ್ಪೆಗಳ ಜಾಡಿಯ ಮುಚ್ಚಳ ತೆಗೆದರೆ ಮೂಗಿಗೆ ಹೊಡೆಯುತ್ತಿದ್ದ ಫಾರ್ಮಲಿನ್. ಗೊತ್ತಿದ್ದೂ ಏಳಲಿಲ್ಲ. ಹಾಡಿನ ನಡುವೆ ಏಳಬಾರದೆಂದು ಮೊದಲ ತಿಂಗಳಿಂದ ಎಲ್ಲರಿಗೂ ಕಲಿಸಿದವರು ನಾವೇ. ಎದುರಿಗೆ ಸಾಲುಸಾಲಾಗಿ ಜನ ಸೆರಗಿನಿಂದ, ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತ ಕದಲದೆ ಕೂತಿದ್ದರು. ಮೇಷ್ಟ್ರು ಬದಿಯಿಂದ ಬಗ್ಗಿ, "ನೋಡಮ್ಮಾ, ಹೇಗೆ ಅಳ್ತಿದಾರೆ. ನಿಮ್ಮಕ್ಕ ಗೆದ್ಬಿಟ್ಲು" ಎಂದರು.

ಆಲಾಪನೆ ಮೇಲೇರುವಲ್ಲಿ ಅಕ್ಕನ ದನಿ ಒಡೆಯಿತು. ಫ್ಲಾಸ್ಕಿನ ಬಿಸಿನೀರು ಕುಡಿದು ಮತ್ತೆ ಏರಿದಳು. ಮೂರನೆಯ ಸಲ ದನಿಯೇ ಬರಲಿಲ್ಲ. ಬಾಯಿ ತೆರೆದು ಉಸಿರಿಗಾಗಿ ಒದ್ದಾಡಿದಳು. ನಾನು ತಂಬೂರಿ ಕೆಳಗಿಟ್ಟು ಕಿಟಕಿಗೆ ಓಡಿದೆ.

"ಏನಮ್ಮಾ ಇದು, ರೆಕಾರ್ಡಿಂಗ್ ನಡೀತಾ ಇದೆ. ಕೂತ್ಕೋ" ಎಂದರು ಮೇಷ್ಟ್ರು.

ಚಿಲಕ ತೆಗೆದೆ. ಗಲಾಟೆ ಕೇಳಿ ಹಿಪ್ಪುನೇರಳೆ ತೋಟದಿಂದ ಬಂದ ಹುಳುವಿನ ಮನೆಯ ಯಜಮಾನರು ಬಾಗಿಲಲ್ಲೇ ನಿಂತುಬಿಟ್ಟರು. "ಯಾರ್ರೀ ಮುಚ್ಸಿದ್ದು? ನಿನ್ನೆ ಔಷ್ದಿ ಹೊಡ್ಸಿದೀನಿ, ಕಿಟಕಿ ಎಲ್ಲಾ ತೆಗ್ದಿಡಿ ಅಂತ ಮೇಷ್ಟ್ರಿಗೆ ಹೇಳಿರ್ಲಿಲ್ವಾ? ನಾವು ಹುಳಾನೇ ಇನ್ನೂ ಬಿಡಲ್ಲ ಇಲ್ಲಿ. ನೀವು ಜನಾನ ಕೂರ್ಸಿದೀರಲ್ಲಪ್ಪ."

ಚಿಕ್ಕಬಳ್ಳಾಪುರದ ಡಾಕ್ಟರು ಅಕ್ಕನ ಗಂಟಲು ನೋಡಿ, ಒಂದು ತಿಂಗಳು ಮಾತೇ ಆಡಬಾರದು, ಹಾಡುವುದು ಆಮೇಲೆ ನೋಡೋಣ ಎಂದರು. ಹದಿನೈದು ವರ್ಷ ಕಲಿತದ್ದು ಆ ಒಂದು 'ನೋಡೋಣ'ದಲ್ಲಿ ನೇತಾಡುತ್ತಿತ್ತು. ರಾತ್ರಿ ಅವಳು ಕೆಮ್ಮಿದಾಗಲೆಲ್ಲ ನಾನು ಎದ್ದು ಕೂರುತ್ತಿದ್ದೆ.

ಮೇಷ್ಟ್ರು ಸುಮ್ಮನಿರಲಿಲ್ಲ. ದನಿ ಒಡೆಯುವುದಕ್ಕೆ ಮುಂಚೆಯೇ ಕತ್ತರಿಸಿ ಹಾಡನ್ನು ಯೂಟ್ಯೂಬಿಗೆ ಹಾಕಿದರು. ಕೆಳಗೆ, 'ಕೇಳುಗರ ಕಣ್ಣಲ್ಲಿ ನೀರು ತರಿಸಿದ ಗಾಯನ' ಎಂದು ಬರೆದಿದ್ದರು. ಆಮೇಲೆ ಮೂಸಂಬಿ ಹಿಡಿದು ಮನೆಗೂ ಬಂದರು.

"ಧೂಳಿನ ಅಲರ್ಜಿ ಅಂತ ಹೇಳಿದೀನಿ ಎಲ್ಲರಿಗೂ. ಸಭೆ ಹೆಸರು ಕೆಡಬಾರದಲ್ವಾ. ನೀನು ಓದಿದೋಳು, ಅರ್ಥ ಆಗತ್ತೆ."

"ಓದಿದೀನಿ ಸಾರ್. ಅದಕ್ಕೇ ಅದು ಧೂಳಲ್ಲ ಅಂತ ಗೊತ್ತು."

ಅಕ್ಕ ಮೂಸಂಬಿಯ ಚೀಲವನ್ನು ಅವರ ಕೈಗೇ ವಾಪಸು ಕೊಟ್ಟಳು.

ಮುಂದಿನ ಕಛೇರಿ ಶಾಲೆಯ ಅಂಗಳದಲ್ಲಿ. ಹಾಡುವವರು ಕೂರುವ ಮೊದಲೇ ಮೈಕು ಹಿಡಿದು ನಡೆದದ್ದನ್ನೆಲ್ಲ ಹೇಳಿದೆ, ನಾನು ಏಳದೆ ಕೂತದ್ದನ್ನೂ. ಮೇಷ್ಟ್ರು ನೆಲ ನೋಡುತ್ತಿದ್ದರು. ಚಿಂತಾಮಣಿಯಿಂದ ಬರುವ ಒಬ್ಬ ಹೆಂಗಸು ಆಮೇಲೆ ನನ್ನ ಕೈ ಹಿಡಿದು, "ವಾರ ಪೂರ್ತಿ ಕಣ್ಣು ಉರೀತಾ ಇತ್ತು ಕಣಮ್ಮಾ. ಭಕ್ತಿ ಜಾಸ್ತಿ ಆಯ್ತೇನೋ ಅಂದ್ಕೊಂಡೆ" ಎಂದರು.

ತಿಂಗಳು ಮುಗಿದ ಬುಧವಾರ ಅಕ್ಕ ಡಾಕ್ಟರ ಅಪ್ಪಣೆ ಪಡೆದು ಮೆಲ್ಲಗೆ ಷಡ್ಜ ಹಿಡಿದಳು. ದನಿ ಅಲುಗದೆ ನಿಂತಿತು. ಪಂಚಮದಿಂದ ಮೇಲೆ ಇನ್ನೂ ಹೋಗುವುದಿಲ್ಲ. ಹೋಗುತ್ತದೋ ಇಲ್ಲವೋ ತಿಳಿಯದು. ಮೇಷ್ಟ್ರು ಈವರೆಗೆ ಅವಳಲ್ಲಿ ಕ್ಷಮೆ ಕೇಳಿಲ್ಲ, ಕೇಳಿ ಎನ್ನುವುದನ್ನು ನಾನೂ ಬಿಟ್ಟಿಲ್ಲ. ಅಂದು ರಾತ್ರಿ ಮಲಗಿದ ಅಕ್ಕ ಒಂದು ಸಲವೂ ಕೆಮ್ಮಲಿಲ್ಲ. ಗುರುವಾರ ನಾವಿಬ್ಬರೂ ಎದ್ದಾಗ ಬಿಸಿಲು ಹಾಸಿಗೆಯವರೆಗೆ ಬಂದಿತ್ತು. ಅಮ್ಮ ನಮ್ಮನ್ನು ಎಬ್ಬಿಸದೆ ಉಪ್ಪಿಟ್ಟು ಮುಚ್ಚಿಟ್ಟು ಕೆಲಸಕ್ಕೆ ಹೋಗಿದ್ದಳು.